ಸಹಾಯ ಬೇಕು: ಘಾಟಿ ಹತ್ತುವಾಗ ಇಂಜಿನ್ ಬಿಸಿಯಾಗುತ್ತಿದೆ, ರಿಪೇರಿ ಮಾಡಿಸಲೋ ಮಾರಲೋ?

ಎಲ್ಲರಿಗೂ ನಮಸ್ಕಾರ. ನಮ್ಮದು ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು, 2012ರ ಮಾಡೆಲ್. ಊರು ಸಕಲೇಶಪುರದ ಹತ್ತಿರ. ಅಪ್ಪನನ್ನು ಆಗಾಗ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಬಸ್ಸಿನಲ್ಲಿ ಅಷ್ಟು ಹೊತ್ತು ಕೂರಲು ಅವರಿಗೆ ಆಗುವುದಿಲ್ಲ.

ವಾಪಸ್ ಬರುವಾಗ ಶಿರಾಡಿ ಘಾಟಿ ಹತ್ತಿದರೆ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಥರ್ಮೋಸ್ಟಾಟ್, ವಾಟರ್ ಪಂಪ್, ಕೊನೆಗೆ ರೇಡಿಯೇಟರ್ ಕೂಡ ಬದಲಾಯಿಸಿದ್ದಾಯಿತು. ಆದರೂ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಕಡಿಮೆ ಆಗುತ್ತಲೇ ಇದೆ. ಕೆಳಗೆ ಒಂದು ಹನಿಯೂ ಸೋರುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಿಳಿ ಹೊಗೆ, ಇಂಜಿನ್ ಬಿಸಿಯಾದ ಮೇಲೂ ನಿಲ್ಲುವುದಿಲ್ಲ.

ಒಬ್ಬ ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಮೇಲಿನ ಹೆಡ್ ನಡುವಿನ ಸೀಲ್) ಹೋಗಿದೆ, ಇಂಜಿನ್ ಬಿಚ್ಚಬೇಕು ಎನ್ನುತ್ತಾರೆ. ಇನ್ನೊಬ್ಬರು ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಹಾಳಾಗಿದೆ ಎನ್ನುತ್ತಾರೆ. ಸುಮ್ನೆ ಊಹೆ ಮೇಲೆ ಮತ್ತೆ ದುಡ್ಡು ಸುರಿಯುವ ಶಕ್ತಿ ನಮಗಿಲ್ಲ. ಕೂಲೆಂಟ್‌ನಲ್ಲಿ ಹೊಗೆಯ ಗ್ಯಾಸ್ ಸೇರುತ್ತಿದೆಯಾ ಎಂದು ಬಿಚ್ಚದೆಯೇ ಟೆಸ್ಟ್ ಮಾಡಬಹುದು ಅಲ್ವಾ? ಹಾಸನ ಅಥವಾ ಮಂಗಳೂರಿನಲ್ಲಿ ಆ ಟೆಸ್ಟ್, ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡದ ಪರೀಕ್ಷೆ) ಎರಡನ್ನೂ ಮಾಡುವ ಗ್ಯಾರೇಜ್ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಹೆಡ್ ಬೆಂಡ್ ಆಗಿದ್ದರೆ ಅದನ್ನು ಮಟ್ಟ ಮಾಡುವ ಫೇಸಿಂಗ್‌ಗೆ ಎಷ್ಟಾಗುತ್ತದೆ ಎಂದು ಮಾಡಿಸಿದವರು ಹೇಳಿ.

ಇನ್ನೊಂದು ಚಿಂತೆ. 2027ಕ್ಕೆ ಗಾಡಿಗೆ 15 ವರ್ಷ ತುಂಬುತ್ತದೆ. ಆರ್‌ಸಿ ರಿನ್ಯೂವಲ್, ಎಫ್‌ಸಿ (ಫಿಟ್ನೆಸ್ ಸರ್ಟಿಫಿಕೇಟ್), ಗ್ರೀನ್ ಟ್ಯಾಕ್ಸ್ (ಹಳೆ ಗಾಡಿಯ ತೆರಿಗೆ) ಎಲ್ಲಾ ಬರುತ್ತದೆ. ಅಷ್ಟು ಖರ್ಚು ಮಾಡಿ ಇಟ್ಟುಕೊಳ್ಳಬೇಕಾ, ಈಗಲೇ ತೊಂದರೆ ಹೇಳಿಯೇ ಮಾರಿಬಿಡಬೇಕಾ? ಮುಚ್ಚಿಟ್ಟು ಮಾರಲು ಮನಸ್ಸಿಲ್ಲ. ಅಪ್ಪನ ಮುಂದಿನ ಚೆಕಪ್ ಹತ್ತಿರ ಬರುತ್ತಿದೆ, ಬೇಗ ತಿಳಿಸಿದರೆ ತುಂಬಾ ಉಪಕಾರವಾಗುತ್ತದೆ.