ಸಹಾಯ ಬೇಕು: ನೈಟಿಯ ಅಂಚಿಗೆ ಕಾವಿ ಬಳ್ಳಿ

ಅಕ್ಕಂದಿರೇ, ಅಣ್ಣಂದಿರೇ, ನಾನು ಶಿರಸಿಯಲ್ಲಿ ನೈಟಿ, ಪೈಜಾಮ ಹೊಲಿದು ಮಾರುತ್ತೇನೆ. ಇಷ್ಟು ವರ್ಷ ಸಗಟು ಅಂಗಡಿಯ ಗುಲಾಬಿ ಹೂವಿನ ಬಟ್ಟೆಯನ್ನೇ ತಂದು ಕತ್ತರಿಸಿದೆ. ಈಗ ಆ ಗುಲಾಬಿ ಕಂಡರೆ ನನಗೇ ನಿದ್ದೆ ಹಾರಿಹೋಗುತ್ತದೆ!

ಮೊನ್ನೆ ಮಾರಿಕಾಂಬಾ ದೇವಸ್ಥಾನದ ಗೋಡೆಯ ಕಾವಿ ಚಿತ್ರಗಳ ಮುಂದೆ ನಿಂತವಳು ಅಲ್ಲೇ ಉಳಿದುಬಿಟ್ಟೆ. ಕೆಮ್ಮಣ್ಣಿನ ಕೆಂಪು, ಸುಣ್ಣದ ಬಿಳುಪು, ಎರಡೇ ಬಣ್ಣ. ಮೇಲಿನ ಕೆಂಪು ಪದರ ಹಸಿಯಿರುವಾಗಲೇ ಕೆರೆದು ಒಳಗಿನ ಬಿಳಿಯನ್ನು ಹೊರಗೆ ತರುವ ಕೆಲಸವದು. ಈ ಚಿತ್ತಾರವನ್ನೇ ಮರದ ಅಚ್ಚಿನಿಂದ ನೈಟಿಯ ಅಂಚಿಗೆ ಒತ್ತಬೇಕೆಂಬ ಆಸೆ ನನಗೆ. ಮಲಗುವ ಬಟ್ಟೆಯ ಮೇಲೆ ದೇವರ ಚಿತ್ರ ಖಂಡಿತ ಬೇಡ. ಅಂಚಿನ ಬಳ್ಳಿ, ಹೂವಿನ ಸುತ್ತು ಸಾಕು.

ಕುಮಟಾ, ಅಂಕೋಲಾ, ಗೋಕರ್ಣದ ಕಡೆ ಕಾವಿ ಇನ್ನೂ ಉಳಿದಿರುವ ಗುಡಿ, ಹಳೆಯ ಮನೆಗಳು ನಿಮಗೆ ಗೊತ್ತೇ? ಫೋಟೊ ತೆಗೆಯಲು ಯಾರನ್ನು ಕೇಳಬೇಕು? ಮರದ ಅಚ್ಚು ಕೆತ್ತಿಕೊಡುವವರು ಜಿಲ್ಲೆಯಲ್ಲಿ ಇದ್ದಾರೆಯೇ?

ಇನ್ನೊಂದು ತಲೆನೋವು: ನಮ್ಮ ಮಳೆಗಾಲದಲ್ಲಿ ದಪ್ಪ ಹತ್ತಿ ಮೂರು ದಿನವಾದರೂ ಒಣಗುವುದಿಲ್ಲ. ತೆಳು ಮಲ್‌ಮಲ್ ಬೇಗ ಒಣಗುತ್ತದೆ, ಆದರೆ ಮೈ ಕಾಣುತ್ತದೆ ಎಂದು ಅಮ್ಮಂದಿರ ತಕರಾರು. ಮೊದಲ ತೊಳೆತಕ್ಕೇ ಕೆಂಪು ಬಿಳಿಗೆ ಹತ್ತದಂತೆ ಅಚ್ಚು ಹಾಕಿ ಅನುಭವವಿದ್ದವರು ದಯವಿಟ್ಟು ಇಲ್ಲೇ ಬರೆಯಿರಿ.