ತರ್ಟಿ-ತರ್ಟಿ ಪಾರ್ಟಿ, ಕ್ರೀಡ್‌ಮೂರ್ ಪಾರ್ಟಿ

ನವೆಂಬರ್ ಬಂತೆಂದರೆ ಅಮೆರಿಕದ ವಿಸ್ಕಾನ್ಸಿನ್‌ನ ನಮ್ಮ ಕನ್ನಡದ ಗುಂಪು ಎರಡು ಪಾರ್ಟಿ ಆಗುತ್ತದೆ. ಕಾಂಗ್ರೆಸ್ಸು ಬಿಜೆಪಿ ಅಲ್ಲ, ಜಿಂಕೆ ಬೇಟೆಗೆ ಯಾವ ತೋಟಾ ಒಳ್ಳೇದು ಅನ್ನೋ ಜಗಳ. ಒಂಬತ್ತು ದಿನದ ಬಂದೂಕಿನ ಸೀಸನ್ ಶುರುವಾಗೋದು ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ. ಜಗಳ ಮಾತ್ರ ದೀಪಾವಳಿಗೇ ಶುರು.

ಹಳೇ ಪಾರ್ಟಿಗೆ ಮಾವನೇ ಅಧ್ಯಕ್ಷರು. ಯಾರ ಮಾವ ಅಂತ ಕೇಳಬೇಡಿ, ಎಲ್ಲರಿಗೂ ಮಾವ. ಅವರದು ಲೀವರ್ ಎಳೆದು ತೋಟಾ ಏರಿಸೋ ವಿಂಚೆಸ್ಟರ್ ರೈಫಲ್, ತೋಟಾ 1895ರಲ್ಲಿ ಬಂದ .30-30, ಅಂದ್ರೆ ತರ್ಟಿ-ತರ್ಟಿ. ಹೊಸ ಪಾರ್ಟಿಗೆ ದಾವಣಗೆರೆ ಹುಡುಗ. ವೀಸಾ ಮೇಲಿರೋರು ಇಲ್ಲಿ ಬಂದೂಕು ಇಟ್ಟುಕೊಳ್ಳಬೇಕಂದ್ರೆ ಬೇಟೆ ಲೈಸೆನ್ಸ್ ಬೇಕು. ಅದಕ್ಕೆ ಕೋರ್ಸು ಮಾಡಿ, ಪರೀಕ್ಷೆ ಬರೆದು, ಸೀದಾ 6.5 ಕ್ರೀಡ್‌ಮೂರ್ ಕೊಂಡಿದ್ದಾನೆ. 2007ರಲ್ಲಿ ಬಂದ ತೋಟಾ ಅದು, 6.5 ಅಂದ್ರೆ ಗುಂಡಿನ ದಪ್ಪ, ಸುಮಾರಾಗಿ ಮಿಲಿಮೀಟರಲ್ಲಿ. ಇನ್ನು ಶಿರಸಿ ಭಟ್ರು. ಮೊಟ್ಟೆಯನ್ನೂ ಮುಟ್ಟಲ್ಲ, ಆದರೆ ಈ ವಿಷಯದಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡೋರು ಅವರೇ.

"ಮಾವ, ನಿಮ್ಮ ಗುಂಡು ಇನ್ನೂರು ಗಜ ಹೋಗೋಷ್ಟರಲ್ಲಿ ಸುಸ್ತಾಗಿ ಕೂತ್ಕೊಳ್ಳುತ್ತೆ," ಅಂದ ಹುಡುಗ.

"ನಾನು ಕೂರೋ ಜಾಗದಿಂದ ಎಂಬತ್ತು ಗಜದಾಚೆ ಕಾಣೋದೇ ಇಲ್ವಲ್ಲೋ, ಬರೀ ಮರ! ನಿನ್ನ ಗುಂಡು ಐನೂರು ಗಜ ಹೋಗಿ ಏನು ಮಾಡುತ್ತೆ, ಪಕ್ಕದ ಊರಲ್ಲಿ ಹಾಲು ತರುತ್ತಾ?"

ಇಬ್ಬರದೂ ಸರಿ, ಅದೇ ತೊಂದರೆ. .30-30 ಗುಂಡಿನ ಮೂತಿ ಮೊಂಡು. ಯಾಕಂದ್ರೆ ಆ ರೈಫಲ್‌ನಲ್ಲಿ ತೋಟಾಗಳು ಕೊಳವೆಯೊಳಗೆ ಒಂದರ ಹಿಂದೊಂದು ನಿಲ್ಲುತ್ತವೆ. ಮೂತಿ ಚೂಪಾಗಿದ್ದರೆ ಮುಂದಿನದರ ಹಿಂಬದಿಯ, ಮದ್ದಿಗೆ ಕಿಡಿ ಹಚ್ಚೋ ಕೇಪಿಗೆ ಚುಚ್ಚಿ ಒಳಗೇ ಢಂ. ಮೊಂಡು ಮೂತಿ ಗಾಳಿಯನ್ನ ಚೆನ್ನಾಗಿ ಸೀಳಲ್ಲ, ಬೇಗ ವೇಗ ಕಳೆದುಕೊಳ್ಳುತ್ತೆ. ಈಗ ಹಾರ್ನಡಿ ಕಂಪನಿ ಮೆತ್ತಗಿನ ಪ್ಲಾಸ್ಟಿಕ್ ತುದಿ ಹಾಕಿ ಚೂಪು ಗುಂಡೂ ಮಾಡಿದೆ. ಮಾವನಿಗೆ ಅದನ್ನು ತೋರಿಸಿದರೆ ಮುಖ ತಿರುಗಿಸುತ್ತಾರೆ.

"ಕ್ರೀಡ್‌ಮೂರ್ ಅಂದ್ರೆ ಹೊಸದಾಗಿ ಕಂಡುಹಿಡಿದದ್ದಾ?" ಭಟ್ರು ಬಾಯಿ ಹಾಕಿದರು. "ಸ್ವೀಡನ್‌ನೋರು 1894ರಲ್ಲೇ 6.5 ತೋಟಾ ಮಾಡಿದ್ರಲ್ಲ? ಅದರಲ್ಲಿ ಕುದುರೆಯಷ್ಟು ದೊಡ್ಡ ಮೂಸ್ ಜಿಂಕೆ ಹೊಡೀತಾರಂತೆ."

ಹುಡುಗ ಕೆಂಪಗಾದ. ಆದರೆ ಉತ್ತರ ಇತ್ತು, ನನಗೂ ಒಪ್ಪಿಗೆಯಾಯಿತು. ಸ್ವೀಡನ್ನಿನ ತೋಟಾ ಉದ್ದ. ಅದರ ನೂರು ವರ್ಷದ ರೈಫಲ್‌ಗಳು ಇನ್ನೂ ಜನರ ಕೈಯಲ್ಲಿವೆ, ಹಾಗಾಗಿ ಕಂಪನಿಗಳು ಒತ್ತಡ ಜಾಸ್ತಿಯಾಗದ ಹಾಗೆ ಹುಷಾರಾಗಿ ಮದ್ದು ತುಂಬುತ್ತವೆ. ಕ್ರೀಡ್‌ಮೂರ್ ಗಿಡ್ಡ. ಸಣ್ಣ ರೈಫಲ್ಲಿಗೂ ಹಿಡಿಸುತ್ತೆ, ಉದ್ದನೆಯ ಸಪೂರ ಗುಂಡಿಗೆ ಬೇಕಾದ ಹಾಗೆ ನಳಿಗೆಯ ಒಳಗಿನ ಸುರುಳಿಯನ್ನೂ ಮೊದಲೇ ಲೆಕ್ಕ ಹಾಕಿ ಕೊರೆದಿರುತ್ತಾರೆ. ಹೊಸತನ ಅಂದರೆ ಇಷ್ಟೇ, ಆದರೆ ಇಷ್ಟು ಇದೆ.

"ಹಾಗಾದ್ರೆ .30-06?" ಅಂದ ಮಡಿಕೇರಿಯವನು. ಅವನದು ಅಪ್ಪಟ ಮೂರನೇ ರಂಗ. 1906ರ ಮಿಲಿಟರಿ ತೋಟಾ ಅದು, ಜಿಂಕೆಯಿಂದ ಕರಡಿಯವರೆಗೆ ಯಾವುದಕ್ಕೂ ಸೈ. ಮುನ್ನೂರು ಗಜದವರೆಗೆ ಅದಕ್ಕೂ ಕ್ರೀಡ್‌ಮೂರ್‌ಗೂ ಗುಂಡು ಇಳಿಯೋದ್ರಲ್ಲಿ ಒಂದೆರಡು ಇಂಚು ಫರಕು, ಅಷ್ಟೇ. ಫರಕು ಗೊತ್ತಾಗೋದು ಭುಜಕ್ಕೆ. .30-06 ಒದೆಯುತ್ತೆ, ಕ್ರೀಡ್‌ಮೂರ್‌ನ ಒದೆತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಒದೆತಕ್ಕೆ ಹೆದರಿದವನು ಬಂದೂಕಿನ ಕುದುರೆ ಎಳೆಯೋ ಮೊದಲೇ ಕಣ್ಣು ಮುಚ್ಚುತ್ತಾನೆ, ಆಮೇಲೆ ತೋಟಾ ಯಾವ ಇಸವಿಯದಾದರೇನು? ಹೊಸಬರಿಗೆ ಕ್ರೀಡ್‌ಮೂರ್ ಕೊಡಿ ಅಂತ ನಾನು ಹೇಳೋದು ಇದಕ್ಕೇ, ಐನೂರು ಗಜದ ಜಂಬಕ್ಕಲ್ಲ.

"ನಿಮ್ಮೂರಲ್ಲಿ ಮನೆ ಮನೆಗೂ ಕೋವಿ ಅಲ್ವಾ?" ಭಟ್ರು ಮಡಿಕೇರಿಯವನನ್ನು ಕೆಣಕಿದರು.

"ಕೋವಿ ಇದೆ, ಲೈಸೆನ್ಸಿಂದ ವಿನಾಯ್ತಿನೂ ಇದೆ. ಬೇಟೆ ಮಾತ್ರ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಇಲ್ಲ. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡ್ತೀವಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಡ್ತೀವಿ."

"ಒಳ್ಳೇದಾಯ್ತು. ಬಿದ್ದದ್ದನ್ನ ನಾನೂ ತಿನ್ನಬಹುದು."

ಅಷ್ಟರಲ್ಲಿ ಅಕ್ಕ ಕಾಫಿ ತಂದರು. ಈ ಗುಂಪಿನಲ್ಲಿ ಹೋದ ವರ್ಷ ಜಿಂಕೆ ಹೊಡೆದದ್ದು ಅವರೊಬ್ಬರೇ, ಅದನ್ನು ಯಾರೂ ಎತ್ತುವುದಿಲ್ಲ. ಅವರದು .243, 1955ರದು. .308 ಅನ್ನೋ ತೋಟಾದ ಕತ್ತು ಹಿಸುಕಿ ಸಣ್ಣ ಗುಂಡು ಕೂರಿಸಿದ ತೋಟಾ.

"ಅಕ್ಕಾ, ನಿಮ್ಮದು ಹಳೇ ಪಾರ್ಟೀನಾ ಹೊಸ ಪಾರ್ಟೀನಾ?" ಹುಡುಗ ಕೇಳಿದ.

"ಅಂಗಡಿಯಲ್ಲಿ ಯಾವುದು ಸಿಗುತ್ತೋ ಅದರ ಪಾರ್ಟಿ. 2020ರಲ್ಲಿ ತೋಟಾ ಸಿಗದೆ ಅಂಗಡಿ ಅಂಗಡಿ ಅಲೆದಿದ್ದು ಮರೆತುಹೋಯ್ತಾ? ಕಾಫಿ ಆರುತ್ತೆ, ಕುಡೀರಿ. ಕುಡಿದು ಎಲ್ಲರೂ ಗುರಿ ಅಭ್ಯಾಸದ ರೇಂಜಿಗೆ ನಡೀರಿ, ಬಂದೂಕಿನ ಮೇಲಿನ ದುರ್ಬೀನು, ಆ ಸ್ಕೋಪ್ ಸರಿ ಇದೆಯಾ ಅಂತ ನೋಡಬೇಕು. ಭಟ್ರೇ, ನೀವೂ ಬನ್ನಿ, ಗುರಿ ಹಲಗೆ ಹೊರೋಕೆ ಒಬ್ಬರು ಬೇಕು."