ಅಪ್‌ಡೇಟ್: ಆಯಿಯ ಕಣ್ಣಿನ ಆಪರೇಶನ್‌ಗೆ ಸಹಿ ಯಾರದ್ದು?

ಹತ್ತು ದಿನದ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಶಿರಸಿಯಲ್ಲಿ ನಮ್ಮ ಆಯಿಗೆ ಮರೆವಿನ ಕಾಯಿಲೆ, ಎರಡೂ ಕಣ್ಣಿಗೆ ಪೊರೆ. ಆಪರೇಶನ್ ಬೇಡ ಅಂತ ಹಟ. ಒಪ್ಪಿಗೆ ಯಾರು ಕೊಡಬೇಕು ಅಂತ ಗೊತ್ತಾಗಿರಲಿಲ್ಲ.

ನೀವು ಕೆಲವರು ಕೊಟ್ಟ ಪವರ್ ಆಫ್ ಅಟಾರ್ನಿ (ನಮ್ಮ ಪರವಾಗಿ ಸಹಿ ಹಾಕಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ) ಸಲಹೆ ಉಪಯೋಗಕ್ಕೆ ಬರಲಿಲ್ಲ. ಬರೆದುಕೊಟ್ಟವರಿಗೆ ಬುದ್ಧಿ ಸ್ಥಿಮಿತ ತಪ್ಪಿದರೆ ಅದೂ ಬಿದ್ದುಹೋಗುತ್ತದೆ ಎಂದರು ವಕೀಲರು. ಸುಮ್ನೆ ಹೆಬ್ಬೆಟ್ಟು ಒತ್ತಿಸಿ ಅಂದವರ ಮಾತಿಗೆ ನನ್ನ ಮನಸ್ಸೇ ಒಪ್ಪಲಿಲ್ಲ.

ಕೆಲಸ ಮಾಡಿದ್ದು 'ಬೆಳಿಗ್ಗೆ ಕೇಳಿ, ಸಂಜೆ ಬೇಡ' ಎಂಬ ಸಲಹೆ. ಆಯಿಗೆ ಸಂಜೆಯಾದರೆ ಗೊಂದಲ ಜಾಸ್ತಿ. ಚಹಾ ಕುಡಿಸಿ, ಕಿವಿಯ ಮಷಿನ್ ಹಾಕಿ ಹತ್ತು ಗಂಟೆಗೆ ಕರೆದುಕೊಂಡು ಹೋದೆ. ಡಾಕ್ಟರು ನನ್ನನ್ನು ಬಿಟ್ಟು ಅವಳ ಹತ್ತಿರವೇ ಮಾತಾಡಿದರು. ಸಣ್ಣ ಸಣ್ಣ ವಾಕ್ಯ. ಆಮೇಲೆ, "ನಾನು ಹೇಳಿದ್ದನ್ನು ನೀವೇ ಹೇಳಿ ನೋಡೋಣ" ಅಂದರು. ಆಯಿ ಸೆರಗಿನ ತುದಿ ಸುತ್ತುತ್ತಾ, "ಪೊರೆ ತೆಗೀತ್ವಡ. ಇಲ್ದಿದ್ರೆ ಕಾಣ್ತಿಲ್ಲೆ. ಯಂಗೆ ಹೂ ಕಟ್ಟವು" (ನನಗೆ ಹೂ ಕಟ್ಟಬೇಕು) ಅಂದಳು. ನನ್ನ ಕಣ್ಣು ತುಂಬಿತು. ಸಹಿ ಅವಳೇ ಹಾಕಿದಳು, ನಡುಗುವ ಕೈಯಲ್ಲಿ.

ಮರುದಿನ ಒಪ್ಪಿದ್ದೇ ಅವಳಿಗೆ ನೆನಪಿಲ್ಲ! ನಾನು ಹೆದರಿದೆ. ಆ ಹೊತ್ತಿಗೆ ವಿಷಯ ಅರ್ಥವಾಗಿ, ತೂಗಿ ನೋಡಿ ಹೇಳಿದ್ದಳಲ್ವಾ, ಆಮೇಲೆ ಮರೆತರೆ ಆ ತೀರ್ಮಾನ ಸುಳ್ಳಾಗುವುದಿಲ್ಲ ಎಂದರು ಡಾಕ್ಟರು. ಆದರೂ ಆಪರೇಶನ್ ದಿನ ಮತ್ತೆ ಕೇಳಿದರು. ಹೂಂ ಅಂದಳು. ಬಲಗಣ್ಣು ಆಗಿದೆ.

ಇನ್ನೊಂದು. ಕೊನೆಗಾಲದ ಚಿಕಿತ್ಸೆ ಎಷ್ಟು ಬೇಕು ಅಂತ ಮುಂಚೆಯೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2023ರಲ್ಲಿ ಅದನ್ನು ಸರಳ ಮಾಡಿದೆ: ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿ. ಬುದ್ಧಿ ಚುರುಕಿದ್ದಾಗಲೇ ಬರೆಯಬೇಕು. ಅಪ್ಪಯ್ಯ ಈ ವಾರ ಬರೆಯುತ್ತಿದ್ದಾರೆ.